ಇಳಿವಯಸ್ಸಿನ ಆತಂಕಕ್ಕೆ ಮಾತಿನ ಚಿಕಿತ್ಸೆ: ತೆಗೆದುಕೊಂಡವನ ವಿಮರ್ಶೆ

ವಯಸ್ಸಾದವರ ಆತಂಕಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ತೆಗೆದುಕೊಂಡು ಮುಗಿಸಿದ ಮೇಲೆ, ತಮಗಾಗಿಯೋ ತಂದೆತಾಯಿಗಾಗಿಯೋ ಇದನ್ನು ಯೋಚಿಸುತ್ತಿರುವವರಿಗೆ ನೆರವಾಗಲೆಂದು ಅದರ ಗುಣದೋಷಗಳನ್ನು ಬರೆಯುತ್ತಿದ್ದೇನೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದರಿಂದ ಪ್ರಯೋಜನವಿದೆ. ಆದರೆ ಆ ಪ್ರಯೋಜನದ ಬಹುಪಾಲು ಸಿಗುವುದು ಚಿಕಿತ್ಸಕರ ಎದುರಿನ ಕುರ್ಚಿಯಲ್ಲಿ ಕುಳಿತಾಗಲ್ಲ, ಒಂದು ಭೇಟಿಗೂ ಮುಂದಿನ ಭೇಟಿಗೂ ನಡುವಿನ ವಾರದಲ್ಲಿ, ಅವರು ಬರೆದುಕೊಟ್ಟ ಅಭ್ಯಾಸವನ್ನು ಮನೆಯಲ್ಲಿ ಮಾಡಿದಾಗ. ಮನಸ್ಸಿನ ಭಾರವನ್ನು ಯಾರ ಬಳಿಯಾದರೂ ಇಳಿಸಿಕೊಂಡರೆ ಸಾಕು ಎಂದು ಹೋಗುವವರಿಗೆ ಒಂದೆರಡು ದಿನದ ಸಮಾಧಾನ ಸಿಗಬಹುದು; ಆತಂಕ ಮಾತ್ರ ಇದ್ದಲ್ಲೇ ಇರುತ್ತದೆ.

ನನಗಿದ್ದ ತೊಂದರೆ ಅಪರೂಪದ್ದೇನಲ್ಲ. ಕಾರಣವಿದ್ದರೂ ಇಲ್ಲದಿದ್ದರೂ ದಿನವಿಡೀ ಏನೋ ಕೆಟ್ಟದ್ದು ಆಗಲಿದೆ ಎಂಬ ಕಳವಳ, ನಡುರಾತ್ರಿ ಎಚ್ಚರವಾದರೆ ಮತ್ತೆ ಹತ್ತದ ನಿದ್ದೆ, ಎದೆ ಡವಡವ ಎನ್ನುವುದು, ಹೊಟ್ಟೆ ಕಲಕುವುದು. ನಮ್ಮ ವಯಸ್ಸಿನವರು ಇದನ್ನು ಆತಂಕವೆಂದು ಕರೆಯುವುದೇ ಕಡಿಮೆ. ಸುಸ್ತು, ತಲೆಸುತ್ತು, ಗ್ಯಾಸ್ಟ್ರಿಕ್ ಎನ್ನುತ್ತೇವೆ. ಮನೆಯವರು ವಯಸ್ಸಾದ ಮೇಲೆ ಇದೆಲ್ಲ ಸಹಜ ಎಂದು ಸುಮ್ಮನಾಗುತ್ತಾರೆ, ವೈದ್ಯರು ದೇಹದ ಪರೀಕ್ಷೆಗಳನ್ನು ಒಂದರ ಮೇಲೊಂದು ಬರೆದುಕೊಡುತ್ತಾರೆ, ಎಲ್ಲ ಸರಿಯಾಗಿದೆ ಎಂಬ ವರದಿ ಬಂದ ಮೇಲೂ ಕಳವಳ ಹೋಗದಿದ್ದಾಗ ನಿದ್ದೆಗೊಂದು ಮಾತ್ರೆ ಸೇರಿಕೊಳ್ಳುತ್ತದೆ.

ಹಾಗೆಂದು ದೇಹದ ಪರೀಕ್ಷೆಗಳು ವ್ಯರ್ಥವಲ್ಲ. ಈ ಸೇವೆಯ ಬಗ್ಗೆ ನನಗೆ ಮೊದಲು ನಂಬಿಕೆ ಹುಟ್ಟಿದ್ದೇ, ವೈದ್ಯರ ವರದಿ ಬರುವವರೆಗೆ ಚಿಕಿತ್ಸೆ ಆರಂಭಿಸುವುದಿಲ್ಲ ಎಂದು ಅವರು ಹೇಳಿದಾಗ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಎದೆಬಡಿತ, ನಡುಕ, ಚಡಪಡಿಕೆ ಎಲ್ಲವೂ ಬರುತ್ತವೆ. ಹೃದಯದ ಲಯ ತಪ್ಪಿದರೂ ಹಾಗೆಯೇ. ಉಬ್ಬಸಕ್ಕೆ ಸೇದುವ ಕೆಲವು ಔಷಧಗಳಿಂದ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇವನ್ನು ನೋಡದೆ ನೇರವಾಗಿ ಮನಸ್ಸಿನ ಮಾತಿಗೆ ಇಳಿಯುವ ಕೇಂದ್ರದಿಂದ ಎದ್ದು ಬರುವುದೇ ಒಳ್ಳೆಯದು. ನಾನು ನುಂಗುತ್ತಿದ್ದ ಮಾತ್ರೆಗಳ ಪಟ್ಟಿಯನ್ನೂ ಅವರು ಕೇಳಿದರು, ಅದರಲ್ಲಿದ್ದ ನಿದ್ದೆ ಮಾತ್ರೆಯ ಹೆಸರಿನ ಕೆಳಗೆ ಗೆರೆ ಎಳೆದರು. ಅದು ಬೆಂಜೊಡೈಯಜೆಪೀನ್ ಎಂಬ ಗುಂಪಿಗೆ ಸೇರಿದ್ದು. ವಯಸ್ಸಾದವರು ಆದಷ್ಟೂ ತಪ್ಪಿಸಬೇಕಾದ ಔಷಧಗಳನ್ನು ಗುರುತಿಸಲು 1991ರಲ್ಲಿ ಮೊದಲು ಪ್ರಕಟವಾಗಿ, ಆಮೇಲೆ ಹಲವು ಬಾರಿ ಪರಿಷ್ಕೃತವಾದ ಬಿಯರ್ಸ್ ಪಟ್ಟಿಯಲ್ಲಿ ಈ ಗುಂಪು ಇದೆ; ಬೀಳುವುದು, ಮೂಳೆ ಮುರಿತ, ಗೊಂದಲ, ಮರೆವು, ಅವಲಂಬನೆ ಇವು ಅದರ ಅಪಾಯಗಳು. ಚಿಕಿತ್ಸಕಿ ಮಾತ್ರೆ ಬಿಡಿ ಎನ್ನಲಿಲ್ಲ, ಅದು ಅವರ ಅಧಿಕಾರವೂ ಅಲ್ಲ. ಈ ಮಾತ್ರೆಯನ್ನು ಏಕಾಏಕಿ ನಿಲ್ಲಿಸುವುದು ಅಪಾಯಕಾರಿ, ಇಳಿಸುವುದಾದರೆ ವೈದ್ಯರೇ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು ಎಂದು ಸ್ಪಷ್ಟವಾಗಿ ಹೇಳಿ, ವೈದ್ಯರಿಗೆ ಒಂದು ಪತ್ರ ಬರೆದುಕೊಟ್ಟರು.

ಮೊದಲ ಭೇಟಿಯಲ್ಲಿ ಎರಡು ಪ್ರಶ್ನಾವಳಿ ತುಂಬಬೇಕಿತ್ತು. ಒಂದು ಎಲ್ಲ ವಯಸ್ಸಿನವರಿಗೂ ಕೊಡುವ ಜಿಎಡಿ-7. 2006ರಲ್ಲಿ ಪ್ರಕಟವಾದ ಇದರಲ್ಲಿ ಹಿಂದಿನ ಎರಡು ವಾರಗಳ ಬಗ್ಗೆ ಏಳು ಪ್ರಶ್ನೆಗಳಿದ್ದು, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 21ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚಿನ ಪರಿಶೀಲನೆ ಬೇಕೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಇನ್ನೊಂದು, ವಯಸ್ಸಾದವರಿಗೆಂದೇ ಆಸ್ಟ್ರೇಲಿಯಾದ ಸಂಶೋಧಕರ ಮುಂದಾಳತ್ವದಲ್ಲಿ ತಯಾರಾಗಿ 2007ರಲ್ಲಿ ಹೊರಬಂದದ್ದು, ಇಪ್ಪತ್ತು ವಾಕ್ಯಗಳದ್ದು. ಪ್ರತಿ ವಾಕ್ಯಕ್ಕೂ ಒಪ್ಪುತ್ತೇನೆ ಅಥವಾ ಒಪ್ಪುವುದಿಲ್ಲ ಎಂದಷ್ಟೇ ಗುರುತು ಹಾಕಬೇಕು. ನನಗೆ ಎರಡನೆಯದೇ ಹಿಡಿಸಿತು. ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ ಎಂದು ಅಳೆದುತೂಗುವ ಗೊಡವೆಯಿಲ್ಲ. ಅಲ್ಲದೆ ದೇಹದ ಲಕ್ಷಣಗಳ ಪ್ರಶ್ನೆಗಳನ್ನು ಅದರಲ್ಲಿ ಬೇಕೆಂದೇ ಕಡಿಮೆ ಮಾಡಿದ್ದಾರೆ, ಏಕೆಂದರೆ ಎಪ್ಪತ್ತು ದಾಟಿದವನಿಗೆ ಸುಸ್ತು ಇದೆಯೇ ಎಂದು ಕೇಳಿದರೆ ಆತಂಕವಿಲ್ಲದವನೂ ಹೌದು ಎಂದೇ ಹೇಳುತ್ತಾನೆ.

ನನಗೆ ಕೊಟ್ಟದ್ದು ಅರಿವು ಮತ್ತು ವರ್ತನೆಯ ಚಿಕಿತ್ಸೆ, ಎಲ್ಲರೂ ಸಿಬಿಟಿ ಎನ್ನುವಂಥದ್ದು. ವಾರಕ್ಕೊಂದು ಭೇಟಿ, ಸುಮಾರು ಐವತ್ತು ನಿಮಿಷ, ಮೂರು ನಾಲ್ಕು ತಿಂಗಳು. ಪ್ರತಿ ಭೇಟಿಯ ಆರಂಭದಲ್ಲಿ ಅಂದಿನ ವಿಷಯಗಳನ್ನು ಇಬ್ಬರೂ ಸೇರಿ ಪಟ್ಟಿ ಮಾಡುವುದು, ಹಿಂದಿನ ವಾರದ ಅಭ್ಯಾಸವನ್ನು ನೋಡುವುದು, ಹೊಸದೊಂದು ಉಪಾಯವನ್ನು ಅಲ್ಲಿಯೇ ಮಾಡಿ ನೋಡುವುದು, ಮುಂದಿನ ವಾರಕ್ಕೆ ಬರೆದುಕೊಳ್ಳುವುದು. ಬಾಲ್ಯದ ಕಥೆಯನ್ನು ಕೆದಕುತ್ತಾರೆ ಎಂದು ಅಂಜಿದ್ದೆ; ಅಂಥದ್ದೇನೂ ನಡೆಯಲಿಲ್ಲ. ಈಗ ಏನು ಯೋಚನೆ ಬರುತ್ತದೆ, ಬಂದಾಗ ನೀವು ಏನು ಮಾಡುತ್ತೀರಿ, ಮಾಡಿದ್ದರಿಂದ ಆ ಯೋಚನೆ ಕಡಿಮೆಯಾಯಿತೇ ಹೆಚ್ಚಾಯಿತೇ ಎಂಬುದರ ಸುತ್ತಲೇ ಎಲ್ಲವೂ ತಿರುಗುತ್ತದೆ.

ಒಂದು ಉದಾಹರಣೆಯನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಚಿಕಿತ್ಸೆಯ ರೀತಿ ಅದರಿಂದಲೇ ಚೆನ್ನಾಗಿ ಗೊತ್ತಾಗುತ್ತದೆ. ಮಗಳು ಬೆಳಿಗ್ಗೆ ಕೆಲಸಕ್ಕೆ ಹೊರಟ ಮೇಲೆ, ತಲುಪಿದಳೋ ಇಲ್ಲವೋ ಎಂದು ನಾನು ಫೋನ್ ಮಾಡುತ್ತಿದ್ದೆ. ಎತ್ತದಿದ್ದರೆ ಮತ್ತೆ, ಮತ್ತೆ. "ತಲುಪಿದೆ ಅಪ್ಪ, ಮೀಟಿಂಗಲ್ಲಿದ್ದೀನಿ" ಎಂದು ಅವಳು ಪಿಸುಗುಟ್ಟಿದ ಕ್ಷಣ ಎದೆ ಹಗುರಾಗುತ್ತಿತ್ತು, ಮಧ್ಯಾಹ್ನಕ್ಕೆ ಅವಳು ಊಟ ಮಾಡಿದಳೋ, ಮರಳುವಾಗ ಮಳೆ ಬಂದರೆ ಎಂದು ಶುರುವಾಗುತ್ತಿತ್ತು. ಚಿಕಿತ್ಸಕಿ ಒಂದು ಪುಸ್ತಕ ಕೊಟ್ಟು, ಪುಟಕ್ಕೆ ನಾಲ್ಕು ಕಂಬ ಎಳೆಸಿದರು: ಏನಾಯಿತು, ಏನೆಂದು ಯೋಚಿಸಿದೆ, ಆ ಯೋಚನೆ ನಿಜವೆಂದು ನೂರಕ್ಕೆ ಎಷ್ಟು ನಂಬಿದೆ, ಕೊನೆಗೆ ನಡೆದದ್ದೇನು. ಮೊದಲ ಪುಟದ ಮೊದಲ ಸಾಲು ಹೀಗಿದೆ: ಫೋನ್ ಎತ್ತಲಿಲ್ಲ, ಅಪಘಾತವಾಗಿರಬೇಕು, ತೊಂಬತ್ತು, ಫೋನ್ ಬ್ಯಾಗಿನಲ್ಲಿತ್ತು. ಅದರ ಕೆಳಗಿನ ಸಾಲುಗಳೂ ಬೇರೆಯಾಗಿಲ್ಲ. ಮೂರನೆಯ ಕಂಬದಲ್ಲಿ ಎಂಬತ್ತು, ತೊಂಬತ್ತು, ನಾಲ್ಕನೆಯದರಲ್ಲಿ ಚಾರ್ಜ್ ಮುಗಿದಿತ್ತು, ಕೇಳಿಸಲಿಲ್ಲ, ಗಾಡಿ ಓಡಿಸುತ್ತಿದ್ದಳು. ವಾದಿಸಿ ಯಾರೂ ನನಗೆ ಒಪ್ಪಿಸಲಾಗದಿದ್ದ ಸಂಗತಿಯನ್ನು ನನ್ನದೇ ಅಕ್ಷರದ ಆ ಪುಟ ಒಪ್ಪಿಸಿತು.

ಅಲ್ಲಿಗೆ ಮುಗಿಯುವುದಿಲ್ಲ, ಕಷ್ಟದ ಭಾಗ ಆಮೇಲಿನದು. ಭರವಸೆ ಕೇಳಿ ಪಡೆಯುವುದೇ ಆತಂಕವನ್ನು ಸಾಕುತ್ತದೆ, ಆದ್ದರಿಂದ ಒಂದು ದಿನ ಫೋನ್ ಮಾಡದೆ ಇದ್ದು, ಕಾಲು ಗಂಟೆಗೊಮ್ಮೆ ಕಳವಳಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆಯಿರಿ ಎಂದರು. ಎಂಟು, ಒಂಬತ್ತು, ಒಂಬತ್ತು, ಎಂಟು, ಏಳು. ಫೋನ್ ಮಾಡದೆಯೂ, ಏನೂ ತಿಳಿಯದೆಯೂ ಅಂಕ ತಾನಾಗಿ ಇಳಿಯಿತು. ಮಗಳಿಗೂ ಪಾಠವಿತ್ತು: ತಲುಪಿದೆ ಎಂಬ ಸಂದೇಶವನ್ನು ಆ ವಾರಗಳಲ್ಲಿ ಕಳಿಸಬಾರದು. ಅವಳಿಗೆ ಇದು ನನಗಿಂತ ಕಷ್ಟವಾಯಿತು ಎಂದು ನನ್ನ ಅನುಮಾನ, ಅಪ್ಪನನ್ನು ಸುಮ್ಮನೆ ಕಾಯಿಸಿದಂತಾಯಿತಲ್ಲ ಎಂದು.

ಚಿಂತೆಗೆ ಸಮಯ ಗೊತ್ತುಮಾಡುವ ಉಪಾಯವನ್ನು ಮೊದಲು ಕೇಳಿದಾಗ ನಗು ಬಂದಿತ್ತು. ದಿನದಲ್ಲಿ ಒಂದು ಹೊತ್ತು, ಒಂದು ಜಾಗ ಗೊತ್ತುಮಾಡಿ ಅರ್ಧ ಗಂಟೆ ಚಿಂತಿಸಬೇಕು; ಬೇರೆ ಹೊತ್ತಿನಲ್ಲಿ ಬಂದ ಚಿಂತೆಯನ್ನು ಒಂದು ಸಾಲಿನಲ್ಲಿ ಬರೆದು ಆ ಹೊತ್ತಿಗೆ ಮುಂದೂಡಬೇಕು. 1980ರ ದಶಕದ ಆರಂಭದಲ್ಲಿಯೇ ಸಂಶೋಧಕರು ಪರೀಕ್ಷಿಸಿ ನೋಡಿದ ಉಪಾಯವಿದು. ಸಂಜೆ ಐದೂವರೆಗೆ ಕುಳಿತು ಬೆಳಗಿನ ಪಟ್ಟಿಯನ್ನು ತೆರೆದರೆ ಅದರಲ್ಲಿ ಅರ್ಧಕ್ಕೆ ಆಗಲೇ ಜೀವವಿರುತ್ತಿರಲಿಲ್ಲ. ಮಲಗುವ ಹೊತ್ತಿಗೆ ಹತ್ತಿರದ ಸಮಯವನ್ನು ಮಾತ್ರ ಆರಿಸಬಾರದು.

ಈ ಚಿಕಿತ್ಸೆಯ ಬಗ್ಗೆ ನನಗಿದ್ದ ದೊಡ್ಡ ಸಂದೇಹವೆಂದರೆ, ಎಳೆಯರ ಚಿಂತೆಗಳು ಬಹುಪಾಲು ಊಹೆಯಾಗಿದ್ದರೂ ನಮ್ಮವು ಹಾಗಲ್ಲವಲ್ಲ ಎಂಬುದು. ಜೊತೆಯವರು ತೀರಿಕೊಳ್ಳುತ್ತಿರುವುದು ನಿಜ, ಕಣ್ಣು ಮಂದವಾಗುತ್ತಿರುವುದು ನಿಜ, ನಾಳೆ ಹಾಸಿಗೆ ಹಿಡಿದರೆ ಯಾರಿಗೆ ಹೊರೆಯಾಗುತ್ತೇನೆ ಎಂಬ ಪ್ರಶ್ನೆಯೂ ನಿಜವೇ. ಹೀಗಿರುವಾಗ ನಿಮ್ಮ ಯೋಚನೆ ತಪ್ಪು, ಸಾಕ್ಷ್ಯವೆಲ್ಲಿದೆ ಎಂದು ಕೇಳುವ ವಿಧಾನ ನಮ್ಮಂಥವರ ಬಳಿ ನಡೆಯುವುದಾದರೂ ಹೇಗೆ? ಒಂದು ದಿನ ಇದನ್ನೇ ಕೇಳಿದೆ. "ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ ಸರ್. ಆಗಬಹುದು. ಆದರೆ ಇವತ್ತು ಅದಕ್ಕೆ ಮಾಡಬಹುದಾದ ಕೆಲಸ ಏನಾದರೂ ಇದೆಯೇ ನೋಡೋಣ" ಎಂದರು ಚಿಕಿತ್ಸಕಿ. ಮಾಡಬಹುದಾದದ್ದು ಇದ್ದರೆ ಅದನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ದಿನಾಂಕ ಹಾಕುವುದು. ಇಲ್ಲದಿದ್ದರೆ ಆ ಯೋಚನೆಯ ಜೊತೆ ಜಗಳವಾಡದೆ, ಅದು ಇರುವಾಗಲೇ ಅಂದಿನ ಕೆಲಸಕ್ಕೆ ಕೈ ಹಾಕುವುದು. ಹಾಸಿಗೆ ಹಿಡಿಯುವ ಭಯ ಹೀಗೆ ಒಡೆದಾಗ ಅದರೊಳಗಿಂದ ಉಯಿಲು, ವಿಮೆಯ ಕಾಗದ, ಪ್ರಜ್ಞೆ ತಪ್ಪಿದರೆ ಎಂಥ ಚಿಕಿತ್ಸೆ ಬೇಕು ಬೇಡ ಎಂಬ ಬರಹ, ಮಕ್ಕಳೊಂದಿಗೆ ವರ್ಷಗಳಿಂದ ಮುಂದೂಡಿದ್ದ ಒಂದು ಮಾತುಕತೆ ಹೊರಬಂದವು. ಸಾವಿನ ಮಾತು ಬಂದಾಗ ವಿಷಯ ಬದಲಿಸದ ಚಿಕಿತ್ಸಕರು ಸಿಕ್ಕರೆ ಅವರನ್ನು ಬಿಡಬೇಡಿ. ಮನೆಯಲ್ಲಿ ಆ ಮಾತೆತ್ತಿದರೆ ಬಿಡ್ತು ಅನ್ನಿ ಎಂದು ಬಾಯಿ ಮುಚ್ಚಿಸುವವರೇ ಎಲ್ಲರೂ.

ಬೀಳುವ ಭಯದ ಬಗ್ಗೆಯೂ ಒಂದು ಮಾತು ಹೇಳಬೇಕು, ವಯಸ್ಸಾದವರ ಆತಂಕದಲ್ಲಿ ಅದರ ಪಾಲು ದೊಡ್ಡದು. ಒಮ್ಮೆ ಜಾರಿದವರು ನಡೆಯುವುದನ್ನು ಕಡಿಮೆ ಮಾಡುತ್ತಾರೆ, ಕಾಲಿನ ಸ್ನಾಯು ಸೊರಗುತ್ತದೆ, ಸಮತೋಲ ಕೆಡುತ್ತದೆ, ಬೀಳುವ ಸಂಭವ ನಿಜವಾಗಿಯೂ ಹೆಚ್ಚುತ್ತದೆ. ಇಲ್ಲಿ ಮಾತೊಂದೇ ಸಾಲದು ಎಂಬುದನ್ನು ಅವರು ಮರೆಯಲಿಲ್ಲ. ಫಿಸಿಯೋಥೆರಪಿಸ್ಟ್ ಕಾಲಿನ ಬಲ ನೋಡಿದ ಮೇಲೆಯೇ ಮೆಟ್ಟಿಲು ಇಳಿಯುವುದರಿಂದ ಹಿಡಿದು ಒಬ್ಬನೇ ರಸ್ತೆ ದಾಟುವವರೆಗೆ ಭಯದ ಏಣಿಯೊಂದನ್ನು ಬರೆದು, ಕೆಳಗಿನಿಂದ ಒಂದೊಂದಾಗಿ ಮಾಡಿಸಿದರು.

ವಯಸ್ಸಿಗೆ ತಕ್ಕ ಮಾರ್ಪಾಡುಗಳಲ್ಲಿ ಕೆಲವು ಚಿಕ್ಕವು, ಆದರೆ ಅವಿಲ್ಲದಿದ್ದರೆ ಇಡೀ ಚಿಕಿತ್ಸೆಯೇ ಕುಂಟುತ್ತಿತ್ತು. ಹಾಳೆಗಳೆಲ್ಲ ದೊಡ್ಡ ಅಕ್ಷರದಲ್ಲಿದ್ದವು. ಚಿಕಿತ್ಸಕಿ ಫ್ಯಾನಿನ ಸದ್ದು ನಿಲ್ಲಿಸಿ, ನನ್ನ ಕೇಳಿಸುವ ಕಿವಿಯ ಕಡೆಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಒಂದು ಭೇಟಿಗೆ ಒಂದೇ ಹೊಸ ವಿಷಯ, ಮುಂದಿನ ಭೇಟಿಯಲ್ಲಿ ಅದನ್ನೇ ಮತ್ತೊಮ್ಮೆ; ಕೊನೆಯ ಐದು ನಿಮಿಷ ಅಂದು ಕಲಿತದ್ದನ್ನು ನಾನೇ ನನ್ನ ಮಾತಿನಲ್ಲಿ ಹೇಳಬೇಕಿತ್ತು. ವಾರದ ನಡುವೆ ಒಂದು ಚಿಕ್ಕ ಫೋನ್ ಕರೆ ಬರುತ್ತಿತ್ತು, ಅಭ್ಯಾಸ ಎಲ್ಲಿಗೆ ಬಂತು ಎಂದು. ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮದಲ್ಲಿ, ನನ್ನ ಮಂಡಿಯ ಸಂಧಿವಾತವನ್ನು ನೋಡಿ, ಬಿಗಿಹಿಡಿಯುವುದನ್ನು ಕೈಬಿಟ್ಟು ಸಡಿಲಿಸುವುದನ್ನಷ್ಟೇ ಮಾಡಿಸಿದರು. ಮುಷ್ಟಿ ಬಿಗಿಹಿಡಿಯುವುದೇ ನೋವಾಗಿರುವವರಿಗೆ ಆ ವ್ಯಾಯಾಮವನ್ನು ಪುಸ್ತಕದಲ್ಲಿರುವಂತೆಯೇ ಮಾಡಿಸುವವರೂ ಇದ್ದಾರೆ.

ವಯಸ್ಸಾದವರ ಮನಸ್ಸು ಬಗ್ಗುವುದಿಲ್ಲ ಎಂಬ ಅಭಿಪ್ರಾಯಕ್ಕೆ ದೊಡ್ಡವರ ಬೆಂಬಲವೇ ಇತ್ತು. ಐವತ್ತರ ಹತ್ತಿರ ಬಂದವರಲ್ಲಿ ಅಥವಾ ದಾಟಿದವರಲ್ಲಿ ಚಿಕಿತ್ಸೆಗೆ ಬೇಕಾದ ಮನಸ್ಸಿನ ಮೃದುತ್ವ ಇರುವುದಿಲ್ಲವೆಂದು ಸಿಗ್ಮಂಡ್ ಫ್ರಾಯ್ಡ್ 1905ರಲ್ಲಿ ಪ್ರಕಟವಾದ ಬರಹದಲ್ಲಿ ಹೇಳಿದ್ದರು. ಆಗ ಅವರಿಗೇ ಐವತ್ತು ತುಂಬುವುದರಲ್ಲಿತ್ತು, ಎಂಬತ್ತು ದಾಟಿದ ಮೇಲೂ ಅವರ ಬರವಣಿಗೆ ನಿಲ್ಲಲಿಲ್ಲ ಎಂಬುದು ಬೇರೆ ಮಾತು. ಇಂಗ್ಲೆಂಡಿನಲ್ಲಿ 2008ರಿಂದ ನಡೆಯುತ್ತಿರುವ ಸರ್ಕಾರಿ ಮಾತಿನ ಚಿಕಿತ್ಸೆಯ ಸೇವೆಯ ಅನುಭವ ಇದಕ್ಕೆ ವಿರುದ್ಧವಾಗಿದೆ: 65 ದಾಟಿದವರು ಅಲ್ಲಿಗೆ ಬರುವುದು ಕಡಿಮೆ, ಆದರೆ ಬಂದವರು ಎಳೆಯರಿಗಿಂತ ಹೆಚ್ಚಾಗಿ ಚಿಕಿತ್ಸೆಯನ್ನು ಪೂರ್ತಿಗೊಳಿಸುತ್ತಾರೆ, ಗುಣ ಕಾಣುವುದರಲ್ಲಿಯೂ ಹಿಂದೆ ಬೀಳುವುದಿಲ್ಲ.

ಹಾಗೆಂದು ಫಲವನ್ನು ಉತ್ಪ್ರೇಕ್ಷಿಸಬಾರದು. ಅರವತ್ತು ದಾಟಿದ 134 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಬಿಟಿ ಪಡೆದವರ ಚಿಂತೆ ಮತ್ತು ಖಿನ್ನತೆ ಸಾಮಾನ್ಯ ಆರೈಕೆ ಪಡೆದವರಿಗಿಂತ ಹೆಚ್ಚು ಇಳಿದರೂ, ಆತಂಕದ ಕಾಯಿಲೆಯ ತೀವ್ರತೆಯನ್ನು ಅಳೆಯುವ ಮಾಪನದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನನ್ನ ಅನುಭವವೂ ಅದಕ್ಕೆ ಹತ್ತಿರ. ಚಿಂತೆಯ ಹಿಡಿತ ಸಡಿಲವಾಗಿದೆ, ನಿದ್ದೆ ಸುಧಾರಿಸಿದೆ. ಆತಂಕದ ಸ್ವಭಾವವೇ ಹೋಗಿಬಿಟ್ಟಿದೆ ಎನ್ನಲಾರೆ. ನನಗೆ ಹೆಚ್ಚು ಮುಖ್ಯವೆನಿಸಿದ್ದು 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. ಹಳ್ಳಿಗಾಡಿನಲ್ಲಿದ್ದ ಅರವತ್ತು ದಾಟಿದ 141 ಮಂದಿಯಲ್ಲಿ ಒಂದು ಗುಂಪಿಗೆ ಫೋನಿನಲ್ಲಿಯೇ ಸಿಬಿಟಿ ಕೊಟ್ಟರು, ಇನ್ನೊಂದಕ್ಕೆ ಫೋನಿನಲ್ಲಿ ಸಹಾನುಭೂತಿಯಿಂದ ಕೇಳಿಸಿಕೊಳ್ಳುವ ಬೆಂಬಲವನ್ನಷ್ಟೇ ಕೊಟ್ಟರು. ಚಿಂತೆ ಹೆಚ್ಚು ತಗ್ಗಿದ್ದು ಮೊದಲ ಗುಂಪಿನಲ್ಲಿ. ಓಡಾಡಲಾಗದವರಿಗೆ ಫೋನ್ ಸಾಕಾಗುತ್ತದೆ ಎಂಬುದೂ, ಕೇಳಿಸಿಕೊಳ್ಳುವ ಕಿವಿಯೊಂದೇ ಸಾಲದು ಎಂಬುದೂ ಇದರಿಂದ ತಿಳಿಯುತ್ತದೆ.

ಕೇವಲ ಕೇಳಿಸಿಕೊಳ್ಳುವುದು ಹೇಗಿರುತ್ತದೆ ಎಂದು ನನಗೆ ಗೊತ್ತು, ಏಕೆಂದರೆ ಇದಕ್ಕೂ ಮೊದಲು ಬೇರೊಂದು ಕಡೆ ಹೋಗಿದ್ದೆ. ಅಲ್ಲಿನವರು ಒಳ್ಳೆಯ ಮನುಷ್ಯರು, ಗಂಟೆಗಟ್ಟಲೆ ಕೇಳುತ್ತಿದ್ದರು, ತಲೆಯಾಡಿಸುತ್ತಿದ್ದರು, ಪಾಸಿಟಿವ್ ಆಗಿ ಯೋಚಿಸಿ ಎಂದು ಕಳಿಸುತ್ತಿದ್ದರು. ಅಲ್ಲಿ ಗುರಿಯಿರಲಿಲ್ಲ, ಅಳತೆಯಿರಲಿಲ್ಲ, ಎಂದು ಮುಗಿಯುತ್ತದೆ ಎಂಬುದೂ ಇರಲಿಲ್ಲ. ಅದಕ್ಕಿಂತ ಹೆಚ್ಚು ಬೇಸರವಾದದ್ದು, ನನ್ನನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆಗಳನ್ನು ಮಗಳಿಗೆ ಕೇಳುತ್ತಿದ್ದುದು. ಅಪ್ಪ ಸರಿಯಾಗಿ ನಿದ್ದೆ ಮಾಡುತ್ತಾರಾ, ಅಪ್ಪನಿಗೆ ಸಿಟ್ಟು ಬರುತ್ತದಾ. ಈ ಸೇವೆಯಲ್ಲಿ ಮನೆಯವರಿಗೆ ಪ್ರತಿ ಭೇಟಿಯ ಕೊನೆಯಲ್ಲಿ ಸ್ವಲ್ಪ ಹೊತ್ತು ಮಾತ್ರ, ಅದೂ ನನ್ನ ಒಪ್ಪಿಗೆ ಕೇಳಿ.

ಕೊರತೆಗಳು ಇಲ್ಲಿಯೂ ಇವೆ. ಮನೆಯಲ್ಲಿ ಮಾಡಬೇಕಾದ್ದನ್ನು ಹೋಂವರ್ಕ್ ಎಂದೇ ಕರೆಯುತ್ತಾರೆ, ಮಾಡದೆ ಹೋದ ವಾರ ಬೆಂಚಿನ ಮೇಲೆ ನಿಂತ ಹುಡುಗನಂತೆ ಮುದುಡಿ ಕೂರಬೇಕಾಗುತ್ತದೆ. ಕೊಡುವ ಉದಾಹರಣೆಗಳಲ್ಲಿ ಪರೀಕ್ಷೆ, ಸಂದರ್ಶನ, ಮೇಲಧಿಕಾರಿಯ ಮಾತು ಹೆಚ್ಚು. ನಿವೃತ್ತಿಯಾಗಿ ದಶಕ ಕಳೆದವನಿಗೆ ಅವು ಯಾವ ಲೆಕ್ಕ. ವಿಡಿಯೋ ಭೇಟಿಯ ವ್ಯವಸ್ಥೆ ನನ್ನಂಥ ಕಿವಿಯವರಿಗೆ ಸರಿಹೋಗುವುದಿಲ್ಲ, ಮುಖ ಒಂದು ಹೊತ್ತಿಗೆ, ದನಿ ಇನ್ನೊಂದು ಹೊತ್ತಿಗೆ. ಮರೆವಿನ ಕಾಯಿಲೆ ಆರಂಭವಾಗಿರುವವರಿಗೆ ಈ ನಾಲ್ಕು ಕಂಬದ ಬರವಣಿಗೆ ಹೊರೆಯೇ. ಅವರಿಗೆ ಇನ್ನಷ್ಟು ಸರಳವಾದ, ಆರೈಕೆ ಮಾಡುವವರನ್ನು ಹೆಚ್ಚು ಒಳಗೊಳ್ಳುವ ರೂಪ ಬೇಕು. ಸೇರಿಸಿಕೊಳ್ಳುವ ಮುನ್ನ ನೆನಪಿನ ಚಿಕ್ಕ ಪರೀಕ್ಷೆಯೊಂದನ್ನು ಮಾಡಿದರೆ ಎರಡೂ ಕಡೆಯವರಿಗೆ ಅನುಕೂಲ. ಆತಂಕದ ಜೊತೆ ತೀವ್ರ ಖಿನ್ನತೆಯಿರುವವರು, ಬದುಕು ಸಾಕೆನಿಸಿದವರು ಈ ಸೇವೆಯ ಸರದಿಗಾಗಿ ಕಾಯುತ್ತ ಕೂರದೆ ಕೂಡಲೇ ಮನೋವೈದ್ಯರನ್ನು ಕಾಣಬೇಕು. ಮಾತ್ರೆಯೂ ಬೇಕಾಗಬಹುದು, ಖಿನ್ನತೆಗೂ ಆತಂಕಕ್ಕೂ ಸಾಮಾನ್ಯವಾಗಿ ಮೊದಲು ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳು ವಯಸ್ಸಾದವರ ರಕ್ತದಲ್ಲಿ ಸೋಡಿಯಂ ಇಳಿಸುವ ಸಂಭವವಿರುವುದರಿಂದ ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ಮಾತಿನ ಚಿಕಿತ್ಸೆ ಮತ್ತು ಮಾತ್ರೆ ಒಟ್ಟಿಗೆ ನಡೆಯುವುದರಲ್ಲಿ ತೊಂದರೆಯಿಲ್ಲ.

ಸೇರುವ ಮುನ್ನ ಫೋನಿನಲ್ಲಿಯೇ ಕೇಳಬಹುದಾದ ಪ್ರಶ್ನೆಗಳಿವೆ. ಯಾವ ವಿಧಾನದ ಚಿಕಿತ್ಸೆ, ಎಷ್ಟು ಭೇಟಿ, ಸುಧಾರಣೆಯನ್ನು ಯಾವುದರಿಂದ ಅಳೆಯುತ್ತೀರಿ, ಅರವತ್ತೈದು ದಾಟಿದವರನ್ನು ಎಷ್ಟು ನೋಡಿದ್ದೀರಿ, ವೈದ್ಯರೊಂದಿಗೆ ಮಾತನಾಡುತ್ತೀರಾ. ಉತ್ತರ ಹಾರಿಸಿದರೆ ಬೇರೆ ಕಡೆ ನೋಡಿ. ಚಿಕಿತ್ಸೆ ಮುಗಿದ ಮೇಲಿನ ಮರುಭೇಟಿಗಳ ಬಗ್ಗೆಯೂ ಕೇಳಿಕೊಳ್ಳಿ. ನನ್ನ ವಿಷಯದಲ್ಲಿ ಈ ಸೇವೆಯ ದೊಡ್ಡ ಲೋಪ ಇದೇ ಆಗಿತ್ತು: ಕೊನೆಯ ಭೇಟಿಯಲ್ಲಿ ಶುಭ ಹಾರೈಸಿ ಕಳಿಸಿದರು, ಮುಂದಿನ ದಿನಾಂಕ ಕೊಡಲಿಲ್ಲ. ಆಸ್ಪತ್ರೆಗೆ ಸೇರುವುದು, ಒಡಹುಟ್ಟಿದವರ ಸಾವು, ಮನೆ ಬದಲಾವಣೆ ಇವೆಲ್ಲ ನಮ್ಮ ವಯಸ್ಸಿನಲ್ಲಿ ಸಾಲಾಗಿ ಬರುತ್ತವೆ, ಬಂದಾಗ ಹಳೆಯ ಕಳವಳ ತಲೆಯೆತ್ತುತ್ತದೆ. ಅಣ್ಣ ತೀರಿಕೊಂಡ ನಂತರ ನಾನೇ ಫೋನ್ ಮಾಡಿ ಒಂದು ಭೇಟಿ ಕೇಳಿದೆ, ಚಿಕಿತ್ಸಕಿ ಒಪ್ಪಿದರು, ಪುಸ್ತಕ ತನ್ನಿ ಎಂದರು. ಈಗ ಮೂರು ತಿಂಗಳಿಗೊಮ್ಮೆ ಒಂದು ಭೇಟಿ ಗೊತ್ತಾಗಿದೆ. ಹೊಸದಾಗಿ ಸೇರುವವರು ಇದನ್ನು ಮೊದಲ ದಿನವೇ ಬರೆಸಿಕೊಳ್ಳುವುದು ಒಳ್ಳೆಯದು.